ಬೇಸ್‌ಬಾಲೋ ಫುಟ್‌ಬಾಲೋ: ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಬೇ ಏರಿಯಾಕ್ಕೆ ಬಂದಿಳಿದ ಕನ್ನಡ ಕುಟುಂಬಗಳು ಮೊದಲ ಕೆಲವು ತಿಂಗಳುಗಳಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತವೆ. ಯಾವ ಶಾಲೆ ಒಳ್ಳೆಯದು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಯಾವ ದೇವಸ್ಥಾನದಲ್ಲಿ ವಾರದ ಕೊನೆಗೆ ಪ್ರಸಾದದ ಊಟವಿರುತ್ತದೆ, ಎಲ್ಲಕ್ಕೂ ಹಳಬರ ಬಳಿ ಉತ್ತರ ಸಿದ್ಧವಿದೆ. ಇಲ್ಲಿನ ಜನ ನೋಡುವ ಆಟಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನಮಗೆ ಕ್ರಿಕೆಟ್ ಇದೆ, ಅದು ಫೋನಿನಲ್ಲೇ ಬರುತ್ತದೆ, ಅಷ್ಟು ಸಾಕು ಎಂದುಕೊಳ್ಳುತ್ತೇವೆ. ನಮ್ಮ ತಲೆಮಾರಿನ ಎಷ್ಟೋ ಮಂದಿ ಹೀಗೆ ಅಂದುಕೊಂಡೇ ವರ್ಷಗಟ್ಟಲೆ ಕಳೆದರು. ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಮಕ್ಕಳು, ಮತ್ತು ಊರಿನಿಂದ ಬಂದು ನಮ್ಮ ಜೊತೆ ಕೆಲವು ತಿಂಗಳು ಇರುವ ಅಪ್ಪ ಅಮ್ಮಂದಿರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸ್‌ಬಾಲನ್ನು ಮೈದಾನಕ್ಕೆ ಹೋಗಿ ನೋಡಿ. ಫುಟ್‌ಬಾಲನ್ನು ನೆರೆಮನೆಯವರ ಜೊತೆ ಕುಳಿತು ಟಿವಿಯಲ್ಲಿ ನೋಡಿ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ಬೇಸ್‌ಬಾಲಿಗೆ ಕೊಡಿ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಧರಿಸಿ ಮೊಟ್ಟೆಯಾಕಾರದ ಚೆಂಡಿನೊಂದಿಗೆ ಆಡುವ ಅಮೆರಿಕದ ಆಟ. ನಾವು ಊರಿನಲ್ಲಿ ಕಂಡದ್ದಲ್ಲ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಒಂದೇ ಸಂಜೆಯಲ್ಲಿ ಹಿಡಿತಕ್ಕೆ ಸಿಗುತ್ತದೆ. ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸಿನಲ್ಲೂ ಒಂದೊಂದು ತಂಡ ಮೂರು ಔಟ್ ಆಗುವವರೆಗೆ ಬ್ಯಾಟ್ ಮಾಡುತ್ತದೆ. ಟಾಸ್ ಇಲ್ಲ, ಆತಿಥೇಯ ತಂಡ ಯಾವಾಗಲೂ ಎರಡನೆಯದಾಗಿ ಬ್ಯಾಟ್ ಹಿಡಿಯುತ್ತದೆ. ಡ್ರಾ ಇಲ್ಲ, ಸಮವಾದರೆ ಹೆಚ್ಚುವರಿ ಇನ್ನಿಂಗ್ಸ್ ಆಡುತ್ತಾರೆ. ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಬ್ಯಾಟರ್‌ನ ಹಿಂದಕ್ಕೂ ಬದಿಗೂ ಹೋದ ಹೊಡೆತಕ್ಕೆ ರನ್ ಇಲ್ಲ, ಎದುರಿನ ಕಾಲು ವೃತ್ತದೊಳಗೇ ಹೊಡೆಯಬೇಕು. ವಿಶ್ವನಾಥ್ ಅವರ ಸ್ಕ್ವೇರ್ ಕಟ್‌ಗೆ ಮನಸೋತವರಿಗೆ ಇದು ಮೊದಲಿಗೆ ಬಡತನದಂತೆ ಕಾಣುತ್ತದೆ. ಹೀಗೆ ಕ್ರಿಕೆಟ್ಟಿನಲ್ಲಿ ಇರುವುದು ಇಲ್ಲಿ ಏನೇನಿಲ್ಲ ಎಂದು ಎಣಿಸುತ್ತ ಕುಳಿತರೆ ಆಟ ಮುಗಿದುಹೋಗುತ್ತದೆ. ನಮ್ಮವರು ಮೈದಾನದಲ್ಲಿ ಕುಳಿತು ಮೂರು ಗಂಟೆ ಇದನ್ನೇ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪಕ್ಕದಲ್ಲಿ ಇಲ್ಲೇ ಹುಟ್ಟಿದ ಮಗ ಕುಳಿತಿರುತ್ತಾನೆ. ತನ್ನ ಊರಿನ ಆಟ ಅಪ್ಪನ ಕಣ್ಣಿಗೆ ಕೀಳು ಎಂಬುದು ಅವನಿಗೆ ಅರ್ಥವಾಗುತ್ತಿರುತ್ತದೆ.

ನೋಡಬೇಕಾದದ್ದು ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು. ಅವನು ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೂ 60 ಅಡಿ 6 ಅಂಗುಲದ ಅಂತರ. ಕ್ರಿಕೆಟ್ ಪಿಚ್‌ಗಿಂತ ಕಡಿಮೆ. ಅಷ್ಟು ಹತ್ತಿರದಿಂದ ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬರುತ್ತದೆ. ಅದರ ಬೆನ್ನಿಗೇ, ತೋಳಿನ ಬೀಸು ಒಂದಿಷ್ಟೂ ಬದಲಾಗದೆ, ನಿಧಾನದ ಚೇಂಜಪ್ ಬರುತ್ತದೆ. ವೆಂಕಟೇಶ್ ಪ್ರಸಾದ್ ಅವರ ನಿಧಾನಗತಿಯ ಎಸೆತಕ್ಕೆ ಬ್ಯಾಟ್ಸ್‌ಮನ್ ಮೊದಲೇ ಬ್ಯಾಟ್ ಬೀಸಿ ಮುಗಿಸುತ್ತಿದ್ದದ್ದನ್ನು ನೆನಪಿಸಿಕೊಳ್ಳಿ, ಅದೇ ಮೋಸ. ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಗಳಿಸುವವನು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವವನು, ಇಲ್ಲಿ ಶ್ರೇಷ್ಠ ಬ್ಯಾಟರ್. 1941ರಲ್ಲಿ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ .406 ಸರಾಸರಿ, ಅಂದರೆ ಸಾವಿರಕ್ಕೆ 406 ಹಿಟ್, ಮುಟ್ಟಿದರು. ಮೇಜರ್ ಲೀಗ್ ಬೇಸ್‌ಬಾಲಿನ ಎರಡು ವಿಭಾಗಗಳಾದ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಅವರ ನಂತರ ಇಡೀ ಋತುವಿನಲ್ಲಿ .400 ಮುಟ್ಟಿದವರಿಲ್ಲ. ಬೌಲರ್‌ನ ಮೇಲುಗೈ ಇರುವ ಇಂಥ ಆಟ ಪ್ರಸನ್ನ, ಚಂದ್ರಶೇಖರ್ ಅವರ ನಾಡಿನವರಿಗೆ ಹಿಡಿಸದೆ ಹೋಗಬಾರದು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡ 2010, 2012 ಮತ್ತು 2014ರಲ್ಲಿ ವಿಶ್ವ ಸರಣಿ, ಅಂದರೆ ಬೇಸ್‌ಬಾಲಿನ ವರ್ಷದ ಅಂತಿಮ ಸರಣಿ, ಗೆದ್ದಿತು. 2014ರ ಏಳನೆಯ ಪಂದ್ಯದಲ್ಲಿ ಮ್ಯಾಡಿಸನ್ ಬಮ್‌ಗಾರ್ನರ್ ಎರಡೇ ದಿನದ ವಿಶ್ರಾಂತಿಯ ಮೇಲೆ ದಿಬ್ಬಕ್ಕೆ ಬಂದು ಐದು ಇನ್ನಿಂಗ್ಸ್ ಒಂದೂ ರನ್ ಕೊಡದೆ ಮುಗಿಸಿದರು. ಆ ರಾತ್ರಿಯ ಬಗ್ಗೆ ಕಚೇರಿಯಲ್ಲಿ ಯಾವ ಸ್ಥಳೀಯರನ್ನು ಕೇಳಿದರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಇನ್ನೊಂದು ವಿಷಯ ಸಮಯ. ಬೇಸ್‌ಬಾಲಿಗೆ ಆಟದ ಗಡಿಯಾರವಿಲ್ಲ. ಇಪ್ಪತ್ತೇಳನೆಯ ಔಟ್ ಆಗುವವರೆಗೆ ಯಾವ ತಂಡವೂ ಸೋತಂತಲ್ಲ. 2023ರಿಂದ ಪ್ರತಿ ಎಸೆತಕ್ಕೆ ಕಾಲಮಿತಿ ಬಂದಿದೆ. ಬೇಸ್‌ಗಳಲ್ಲಿ ಓಟಗಾರರು ಯಾರೂ ಇಲ್ಲದಾಗ 15 ಸೆಕೆಂಡು. ಅದರಿಂದ ಸರಾಸರಿ ಪಂದ್ಯ ಮೂರು ಗಂಟೆಗೂ ಮಿಗಿಲಾಗಿದ್ದದ್ದು ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಹಳಬರು ಕೆಲವರು ಗೊಣಗಿದರು. ಶಾಲೆಯಿರುವ ಮಕ್ಕಳನ್ನು ಕರೆದೊಯ್ಯುವ ನಮಗೆ ಅದು ಉಪಕಾರವೇ ಆಯಿತು. ಋತುವಿನಲ್ಲಿ ಒಂದೊಂದು ತಂಡಕ್ಕೆ 162 ಪಂದ್ಯಗಳು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಅವುಗಳಲ್ಲಿ 81 ಸ್ವಂತ ಮೈದಾನದಲ್ಲೇ. ಹಾಗಾಗಿ ವಾರದ ನಡುವಿನ ಪಂದ್ಯಕ್ಕೆ ಮೇಲಿನ ಸಾಲುಗಳ ಟಿಕೆಟ್ ಸಾಧಾರಣ ಸಂಬಳದವರ ಕೈಗೂ ಎಟುಕುತ್ತದೆ. ಫುಟ್‌ಬಾಲಿನಲ್ಲಿ ಇಡೀ ಋತುವಿಗೆ ಹದಿನೇಳೇ ಪಂದ್ಯ, ಸ್ವಂತ ಮೈದಾನದಲ್ಲಿ ಎಂಟೋ ಒಂಬತ್ತೋ. ಟಿಕೆಟಿನ ಬೆಲೆ ಯಾಕೆ ಹಾಗಿದೆ ಎಂದು ಇದರಲ್ಲೇ ತಿಳಿಯುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್ 2000ದಲ್ಲಿ ತೆರೆದ ಜೈಂಟ್ಸ್ ತಂಡದ ಮೈದಾನ. ಬಲಗಡೆಯ ಗೋಡೆಯಾಚೆಗೆ ಕೊಲ್ಲಿಯ ನೀರು. ಅಲ್ಲಿಗೆ ಕಾರು ಒಯ್ಯಬೇಡಿ. ಕ್ಯಾಲ್‌ಟ್ರೇನ್‌ನ ಕೊನೆಯ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು, ರೈಲಿನಲ್ಲೇ ಅರ್ಧ ಜಾತ್ರೆ ನೆರೆದಿರುತ್ತದೆ. ಜುಲೈ ತಿಂಗಳಾದರೂ ಪ್ರತಿಯೊಬ್ಬರಿಗೂ ಸ್ವೆಟರ್ ಅಥವಾ ಜಾಕೆಟ್ ಇರಲೇಬೇಕು. ಫ್ರೀಮಾಂಟ್‌ನ ಬಿಸಿಲು ನೋಡಿ ಹತ್ತಿಯ ಅಂಗಿಯಲ್ಲಿ ಹೊರಟ ಅಜ್ಜಿಯಂದಿರು ಏಳು ಗಂಟೆಯ ನಂತರ ಕೊಲ್ಲಿಯ ಗಾಳಿಗೆ ನಡುಗುವುದನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತೇನೆ. ಮನೆಯ ಊಟ ಒಳಗೆ ಒಯ್ಯಲು ಅಲ್ಲಿ ಬಿಡುತ್ತಾರೆ. ಪುಳಿಯೋಗರೆ, ಚಪಾತಿ, ಬಾಟಲಿಯಲ್ಲಿ ನೀರು, ಯಾವ ಸಂಕೋಚವೂ ಬೇಡ. ಗಾಜು ಮತ್ತು ಡಬ್ಬಿಯ ಪಾನೀಯ ಮಾತ್ರ ಕೂಡದು. ಸಸ್ಯಾಹಾರಿಗಳಿಗೆ ಒಳಗೆ ಬೆಳ್ಳುಳ್ಳಿ ಹಾಕಿದ ಫ್ರೈಸ್ ಸಿಗುತ್ತದೆ, ಆ ಮೈದಾನಕ್ಕೇ ಹೆಸರು ತಂದ ತಿಂಡಿ ಅದು. ಸಿಪ್ಪೆಯಿರುವ ಹುರಿದ ಕಡಲೆಕಾಯಿ ಬಿಡಿಸಿ ತಿಂದು ಸಿಪ್ಪೆಯನ್ನು ಕಾಲ ಬುಡಕ್ಕೇ ಹಾಕುತ್ತ ಕೂರುವ ಜನರನ್ನು ಕಂಡಾಗ ಬಸವನಗುಡಿಯ ಕಡಲೆಕಾಯಿ ಪರಿಷೆ ನೆನಪಾಗುತ್ತದೆ.

ಅಲ್ಲಿ ಕುಳಿತಾಗ ತಿಳಿಯುವುದು ಏನೆಂದರೆ, ಬೇಸ್‌ಬಾಲಿನ ಬಿಡುವುಗಳು ಪ್ರೇಕ್ಷಕರಿಗೇ ಸೇರಿದವು. ಎಸೆತದಿಂದ ಎಸೆತಕ್ಕೆ, ಇನ್ನಿಂಗ್ಸಿನಿಂದ ಇನ್ನಿಂಗ್ಸಿಗೆ ಮಾತಿಗೆ ಜಾಗವಿದೆ. ಪಕ್ಕದ ಸೀಟಿನ ಅಪರಿಚಿತರು ತಾವಾಗಿಯೇ ಮಾತಾಡಿಸುತ್ತಾರೆ. ಎಲ್ಲಿಯವರು, ಮೊದಲ ಸಲವೇ, ಕ್ರಿಕೆಟ್ ಹೇಗೆ ಆಡುತ್ತಾರೆ, ಐದು ದಿನ ನಡೆಯುವುದು ನಿಜವೇ? ಕಚೇರಿಯಲ್ಲಿ ವರ್ಷಗಟ್ಟಲೆ ಸಿಗದ ಹರಟೆ ಅಲ್ಲಿ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಏಳನೆಯ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ಮೈಮುರಿದು ಒಂದು ಹಳೆಯ ಹಾಡು ಹಾಡುತ್ತಾರೆ. ನೀವೂ ಎದ್ದು ನಿಲ್ಲಿ. ಪಕ್ಕದ ಕೊರಿಯನ್ ಕುಟುಂಬ 2024ರಿಂದ ಈ ತಂಡದಲ್ಲಿ ಆಡುತ್ತಿರುವ ಜಂಗ್ ಹೂ ಲೀ ಹೆಸರಿನ ಅಂಗಿ ತೊಟ್ಟು ಬಂದಿರುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲ ಜಪಾನಿ ಆಟಗಾರ ಮಸನೋರಿ ಮುರಕಾಮಿ 1964ರಲ್ಲಿ ಕಣಕ್ಕಿಳಿದದ್ದೂ ಇದೇ ಜೈಂಟ್ಸ್ ಪರವಾಗಿ. ಹೊರಗಿನಿಂದ ಬಂದವರು ಈ ಆಟದೊಳಗೆ ಜಾಗ ಮಾಡಿಕೊಂಡ ಇತಿಹಾಸ ಉದ್ದವಾಗಿದೆ. ನಮ್ಮ ಕಡೆಯವರದ್ದು ಈಗ ಶುರುವಾಗುತ್ತಿದೆ. 2023ರಲ್ಲಿ ಭಾರತೀಯ ಮೂಲದ ಅರ್ಜುನ್ ನಿಮ್ಮಲನನ್ನು ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಟೊರಾಂಟೋ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು.

ಈಗ ಅಪ್ಪ ಅಮ್ಮಂದಿರ ವಿಷಯ. ಸಂದರ್ಶಕ ವೀಸಾದಲ್ಲಿ ಬರುವವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಹೆಚ್ಚಿನವರು ಚಳಿ ತಪ್ಪಿಸಿಕೊಂಡು ಏಪ್ರಿಲಿಗೆ ಬಂದು ದಸರೆಯ ಹೊತ್ತಿಗೆ ಊರು ಸೇರುತ್ತಾರೆ. ಬೇಸ್‌ಬಾಲ್ ಋತು ಸರಿಯಾಗಿ ಅದೇ ಆರು ತಿಂಗಳು. ಇದನ್ನು ನಮ್ಮಲ್ಲಿ ಯಾರೂ ಗಮನಿಸುವುದಿಲ್ಲ. ಬಂದವರ ದಿನ ಹೇಗಿರುತ್ತದೆಂದು ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ತಿಳಿಯುತ್ತದೆ. ಬೀದಿಯಲ್ಲಿ ಒಬ್ಬ ಮನುಷ್ಯನಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗು ಶಾಲೆಗೆ. ಸಂಜೆ ಎಲ್ಲರೂ ಬಂದ ಮೇಲೂ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪರದೆ. ಮೂವತ್ತು ವರ್ಷ ಸಂಜೆ ಹೊತ್ತು ಜಗಲಿಯಲ್ಲಿ ಕುಳಿತು ನಾಲ್ಕು ಜನರೊಂದಿಗೆ ಮಾತಾಡಿದವರು ಇಲ್ಲಿ ಕಿಟಕಿಯ ಹೊರಗೆ ನಿಂತ ಕಾರುಗಳನ್ನು ನೋಡುತ್ತ ಕೂರುತ್ತಾರೆ. ಯಾವಾಗ ವಾಪಸು ಹೋಗುವುದು ಎಂದು ಮೂರನೆಯ ವಾರಕ್ಕೇ ಕೇಳುತ್ತಾರೆ. ನಾವು ಅವರನ್ನು ಗೋಲ್ಡನ್ ಗೇಟ್, ಯೋಸೆಮಿಟಿ, ಲಾಸ್ ವೇಗಸ್ ಎಂದು ಸುತ್ತಿಸಿ ಫೋಟೋ ತೆಗೆದು ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ಅವರಿಗೆ ಬೇಕಾದದ್ದು ದಿನವೂ ಕಾಯಲು ಒಂದು ಹೊತ್ತು.

ನಮ್ಮ ತಂದೆಯವರು ತುಮಕೂರಿನ ಕಡೆ ಮೇಷ್ಟರಾಗಿದ್ದವರು, ಆಕಾಶವಾಣಿಯ ವೀಕ್ಷಕ ವಿವರಣೆ ಕೇಳುತ್ತ ರಣಜಿ ಪಂದ್ಯಗಳ ಸ್ಕೋರನ್ನು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದವರು. ಕರ್ನಾಟಕ ಮೊದಲ ಸಲ ರಣಜಿ ಗೆದ್ದ 1973-74ರ ಋತುವಿನ ಪುಟಗಳು ಈಗಲೂ ಊರಿನ ಮನೆಯ ಪೆಟ್ಟಿಗೆಯಲ್ಲಿವೆ. ಇಲ್ಲಿಗೆ ಬಂದ ಬೇಸಿಗೆಯಲ್ಲಿ ಅವರಿಗೆ ಬೇಸ್‌ಬಾಲಿನ ಸ್ಕೋರು ಬರೆಯುವ ಕ್ರಮ ಕಲಿಸಿದವನು ನನ್ನ ಮಗ. ಒಂಬತ್ತು ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತರವರೆಗೆ ಸಂಖ್ಯೆ. 6-4-3 ಎಂದು ಬರೆದರೆ ಎರಡನೆಯ ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನಿಂದ ಎರಡನೆಯ ಬೇಸಿನವನಿಗೆ, ಅಲ್ಲಿಂದ ಮೊದಲ ಬೇಸಿಗೆ ಚೆಂಡು ಹೋಗಿ ಇಬ್ಬರು ಔಟ್. ಮೂರು ಸ್ಟ್ರೈಕ್ ಬಿದ್ದು ಔಟಾಗುವ ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯಬೇಕು. ಇಷ್ಟನ್ನೂ ಅವನು ಕನ್ನಡದಲ್ಲೇ ಹೇಳಬೇಕಾಯಿತು, ಯಾಕೆಂದರೆ ತಾತನಿಗೆ ಅವನ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಭಾನುವಾರದ ಕನ್ನಡ ಶಾಲೆಯಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಿದ್ದ ಹುಡುಗ ತಾತನ ಜೊತೆ ವಾದ ಮಾಡುವಷ್ಟು ಕನ್ನಡ ಗಳಿಸಿಕೊಂಡದ್ದು ಆ ಸೋಫಾದ ಮೇಲೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ರಾತ್ರಿ ನಿದ್ದೆ ಹೋದ ಮೇಲೆ ಏನಾಯಿತೆಂದು ತಾತ ಅವನಿಗೆ ಹೇಳುತ್ತಿದ್ದರು. ಅವರ ನೋಟ್‌ಪುಸ್ತಕ ಅವನ ಕೋಣೆಯಲ್ಲೇ ಇದೆ.

ಅಮ್ಮಂದಿರನ್ನು ಮನೆಯಲ್ಲಿ ಬಿಟ್ಟು ಗಂಡಸರು ಮಾತ್ರ ಮೈದಾನಕ್ಕೆ ಹೋಗುವ ಅಭ್ಯಾಸವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಊರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೆ ಒಮ್ಮೆಯೂ ಕಾಲಿಡದ ಎಷ್ಟೋ ಹೆಂಗಸರು ಇಲ್ಲಿ ಬೇಸ್‌ಬಾಲ್ ಸಂಜೆಯನ್ನು ಮನಸಾರೆ ಸವಿಯುತ್ತಾರೆ. ಆಟ ಅರ್ಥವಾಗದಿದ್ದರೂ ಜನರ ನಡುವೆ ಕೂತ ಹಾಗಾಯಿತು ಎನ್ನುತ್ತಾರೆ. ಮೈದಾನಕ್ಕೆ ಹೋಗಲಾಗದ ದಿನ ಕೆಎನ್‌ಬಿಆರ್ 680 ರೇಡಿಯೋ ಹಾಕಿಡಿ. ಜಾನ್ ಮಿಲ್ಲರ್ ಅವರ ವಿವರಣೆ ಕೇಳುತ್ತ ಅಡುಗೆ ಮಾಡಬಹುದು, ತರಕಾರಿ ಹೆಚ್ಚಬಹುದು. ಹೀಗೆ ಕಿವಿಯಿಂದಲೇ ಪೂರ್ತಿಯಾಗಿ ಅನುಭವಿಸಬಹುದಾದ ಆಟ ಬೇಸ್‌ಬಾಲ್. ಫುಟ್‌ಬಾಲಿಗೆ ಆ ಗುಣ ಕಡಿಮೆ.

ಫುಟ್‌ಬಾಲಿನ ಶಕ್ತಿ ಬೇರೆಯದು. ಅದರ ಲಯ ಹಿಡಿಯಲು ಕ್ರಿಕೆಟ್ ನೆರವಾಗುವುದಿಲ್ಲ, ಕಬಡ್ಡಿ ನೆರವಾಗುತ್ತದೆ. ಕೆಲವೇ ಸೆಕೆಂಡುಗಳ ದಾಳಿ, ಮೈಗೆ ಮೈ ಹೊಡೆತ, ಶಿಳ್ಳೆ, ಮತ್ತೆ ಎರಡೂ ಕಡೆಯವರು ಸಾಲುಗಟ್ಟಿ ನಿಲ್ಲುವುದು. ಹನ್ನೊಂದು ಹನ್ನೊಂದು ಆಟಗಾರರು. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಎಂದು ಹೆಸರು. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಇಷ್ಟು ತಿಳಿದರೆ ಮೊದಲ ದಿನಕ್ಕೆ ಸಾಕು. ಪ್ರತಿ ದಾಳಿಯ ಹಿಂದೆ ಬರೆದಿಟ್ಟ ಯೋಜನೆಯಿದೆ. ತರಬೇತುದಾರರು ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಸೂಚನೆ ಕೊಡುತ್ತಾರೆ. ದಾಳಿ ಶುರುವಾಗಲು ಇರುವ ಗಡುವಿನಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ ಯೋಚಿಸಬೇಕು. ಆ ಕ್ಷಣವನ್ನು ಗಮನಿಸಲು ಕಲಿತ ಮೇಲೆ ನನಗೆ ಈ ಆಟ ತೆರೆದುಕೊಂಡಿತು.

ಆದರೆ ಇದನ್ನು ಟಿವಿಯಲ್ಲಿ ನೋಡಿ ಎನ್ನುವುದಕ್ಕೆ ಕಾರಣವಿದೆ. ನಾಲ್ಕು ಕಾಲು ಭಾಗ, ತಲಾ ಹದಿನೈದು ನಿಮಿಷ, ಒಟ್ಟು ಒಂದು ಗಂಟೆಯ ಆಟ ಮೂರು ಗಂಟೆಗೂ ಮಿಗಿಲಾಗಿ ಎಳೆಯುತ್ತದೆ. ಅದರಲ್ಲಿ ಚೆಂಡು ನಿಜವಾಗಿ ಚಲನೆಯಲ್ಲಿರುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ಮನೆಯಲ್ಲಿದ್ದರೆ ಆ ಬಿಡುವಿನಲ್ಲಿ ಮರುಪ್ರಸಾರ, ವಿಶ್ಲೇಷಣೆ, ಹತ್ತು ಗಜದ ಗುರಿ ತೋರಿಸುವ ಹಳದಿ ಗೆರೆ, ಎಲ್ಲವೂ ಹೊಸಬರಿಗೆ ಪಾಠ ಹೇಳುತ್ತವೆ. ಆ ಹಳದಿ ಗೆರೆ ಟಿವಿಯಲ್ಲಿ ಮಾತ್ರ ಇದೆ, 1998ರಿಂದ. ಮೈದಾನದ ಹುಲ್ಲಿನ ಮೇಲೆ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್ ಆಡುವ ಸಾಂತಾ ಕ್ಲಾರಾದ ಲೆವೈಸ್ ಕ್ರೀಡಾಂಗಣದಲ್ಲಿ ಸುಮಾರು 68,500 ಜನ ಕೂರಬಹುದು. ಮೇಲಿನ ಸಾಲಿನಲ್ಲಿ ಕೂತ ಹೊಸಬರಿಗೆ ಕಾಣುವುದು ಬಿದ್ದ ಆಟಗಾರರ ರಾಶಿ, ನಂತರ ಜಾಹೀರಾತು ಮುಗಿಯುವವರೆಗೆ ಕಾಯುವ ತಂಡಗಳು. ಸೆಪ್ಟೆಂಬರಿನ ಮಧ್ಯಾಹ್ನ ಪೂರ್ವದ ಕಡೆಯ ಸೀಟುಗಳಿಗೆ ನೇರ ಬಿಸಿಲು ಹೊಡೆಯುತ್ತದೆ. ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಅಲ್ಲಿ ಕೂರಿಸಬೇಡಿ. ಆಟವನ್ನು ಚೆನ್ನಾಗಿ ತಿಳಿದ ಮೇಲೆ ಒಮ್ಮೆ ಹೋಗಿ. ಆಗ ಟಿವಿ ತೋರಿಸದ ಹಿಂಬದಿಯ ರಕ್ಷಕರ ಚಲನೆಯೂ ಸೇರಿ ಇಪ್ಪತ್ತೆರಡು ಜನರೂ ಒಟ್ಟಿಗೆ ಕಾಣುವುದರ ಸೊಗಸು ತಿಳಿಯುತ್ತದೆ.

ನೆರೆಮನೆಯವರು ಭಾನುವಾರ ಆಟ ನೋಡಲು ಕರೆದರೆ ಇಲ್ಲವೆನ್ನಬೇಡಿ. ಪಂದ್ಯಕ್ಕೆ ಮೊದಲು ಕಾರು ನಿಲ್ಲಿಸುವ ಜಾಗದಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವ ಕೂಟಕ್ಕೆ ಕರೆದರೂ ಹೋಗಿ. ಮಾಂಸದ ವಾಸನೆಗೆ ಹೆದರಿ ದೂರ ಉಳಿದ ನಮ್ಮವರನ್ನು ಬಹಳ ಕಂಡಿದ್ದೇನೆ. ಮುಸುಕಿನ ಜೋಳ, ಪನೀರ್, ದೊಣ್ಣೆ ಮೆಣಸಿನಕಾಯಿ ತೆಗೆದುಕೊಂಡು ಹೋಗಿ ಬೇರೆ ತಟ್ಟೆಯಲ್ಲಿ ಸುಟ್ಟುಕೊಳ್ಳಿ. ನಿಮ್ಮ ಮಸಾಲೆ ಕಡಲೆಬೀಜ ಮೊದಲು ಖಾಲಿಯಾಗುತ್ತದೆ. ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಂದು ಇಡೀ ದಿನ ಫುಟ್‌ಬಾಲ್. ಫೆಬ್ರವರಿಯ ಎರಡನೆಯ ಭಾನುವಾರ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್. ಇಲ್ಲಿ ಒಂದು ವಿಷಯವನ್ನು ಖಾರವಾಗಿಯೇ ಹೇಳಬೇಕು. ನಮ್ಮ ಕನ್ನಡ ಕೂಟಗಳವರು ಸಂಕ್ರಾಂತಿ ಕಾರ್ಯಕ್ರಮವನ್ನೋ ಮಕ್ಕಳ ನಾಟಕವನ್ನೋ ಹುಡುಕಿ ಹುಡುಕಿ ಅದೇ ದಿನಗಳಿಗೆ ಇಡುತ್ತಾರೆ. ಸಭಾಂಗಣ ಅಗ್ಗಕ್ಕೆ ಸಿಗುತ್ತದೆ ಎಂಬುದು ಕಾರಣ. ಅಗ್ಗಕ್ಕೆ ಸಿಗುವುದು ಯಾಕೆಂದು ಯೋಚಿಸಿದ್ದೀರಾ? ಊರಿಗೆ ಊರೇ ಒಂದು ಕಡೆ ಕುಳಿತಿರುವ ಸಂಜೆ ಹದಿನಾಲ್ಕು ವರ್ಷದ ಹುಡುಗನನ್ನು ಗೆಳೆಯರಿಂದ ಎಳೆದು ತಂದು ಪಂಚೆ ಉಡಿಸಿ ವೇದಿಕೆಯ ಮೇಲೆ ನಿಲ್ಲಿಸಿದರೆ ಅವನು ಕನ್ನಡವನ್ನು ಪ್ರೀತಿಸುವುದು ಹೇಗೆ? ಕನ್ನಡವೋ ಗೆಳೆಯರೋ ಎಂಬ ಆಯ್ಕೆಯನ್ನು ನಾವೇ ಅವರ ಮುಂದಿಟ್ಟು, ಅವರು ಆರಿಸಿದ ಮೇಲೆ ಅಳುತ್ತೇವೆ.

ಫುಟ್‌ಬಾಲನ್ನು ಮೈದಾನದಲ್ಲೇ ನೋಡಬೇಕೆಂದಿದ್ದರೆ ನಿಮ್ಮ ಊರಿನ ಹೈಸ್ಕೂಲಿಗೆ ಹೋಗಿ. ಶರತ್ಕಾಲದ ಶುಕ್ರವಾರ ರಾತ್ರಿಯ ಪಂದ್ಯಗಳಿಗೆ ಟಿಕೆಟ್ ಅಲ್ಪ ಮೊತ್ತ, ಕೂರಲು ಕಬ್ಬಿಣದ ಬೆಂಚು. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರಲ್ಲಿ, ಡೋಲು ಬಾರಿಸುವವರಲ್ಲಿ ನಮ್ಮವರ ಮಕ್ಕಳೇ ಎಷ್ಟೋ ಜನ ಇರುತ್ತಾರೆ. ಅವರ ತಂದೆತಾಯಿಯರು ಮಾತ್ರ ಕಾರಿನಲ್ಲಿ ಕುಳಿತು ಫೋನ್ ನೋಡುತ್ತ ಆಟ ಮುಗಿಯಲು ಕಾಯುತ್ತಾರೆ. ಇಳಿದು ಒಳಗೆ ಹೋಗಿ. ಮಧ್ಯಂತರದಲ್ಲಿ ಬ್ಯಾಂಡು ಮೈದಾನಕ್ಕೆ ಇಳಿದಾಗ ನಿಮ್ಮ ಮಗಳು ಕಣ್ಣಿನಲ್ಲೇ ನಿಮ್ಮನ್ನು ಹುಡುಕುತ್ತಾಳೆ.

ಆಡಿಸುವ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಹೈಸ್ಕೂಲಿಗೆ ಮೊದಲು ಮೈಗೆ ಮೈ ಬೀಳುವ ಫುಟ್‌ಬಾಲ್ ಬೇಡ. ಪಿಟ್ಸ್‌ಬರ್ಗ್ ತಂಡದಲ್ಲಿ ಆಡಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ವೆಬ್‌ಸ್ಟರ್ ಅವರ ಮಿದುಳನ್ನು ಡಾಕ್ಟರ್ ಬೆನೆಟ್ ಒಮಾಲು ಪರೀಕ್ಷಿಸಿ, ತಲೆಗೆ ಬಿದ್ದ ಪೆಟ್ಟುಗಳಿಂದ ಆಗುವ ಹಾನಿಯನ್ನು ಗುರುತಿಸಿದರು. 2023ರ ಜನವರಿಯಲ್ಲಿ ಡಮಾರ್ ಹ್ಯಾಮ್ಲಿನ್ ಎಂಬ ಯುವಕ ಮೈದಾನದಲ್ಲೇ ಹೃದಯ ನಿಂತು ಕುಸಿದದ್ದನ್ನು ನೇರ ಪ್ರಸಾರದಲ್ಲಿ ಮಕ್ಕಳೂ ನೋಡಿದರು. ಅವನು ಬದುಕಿ ಮತ್ತೆ ಆಡಿದ್ದು ದೊಡ್ಡ ಸಮಾಧಾನ. ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಇದೆ, ಅದು ಧಾರಾಳವಾಗಿ ಆಡಲಿ. ಐದು ವರ್ಷದ ಮಕ್ಕಳಿಗೆ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ಟೀ ಬಾಲ್ ಇದೆ, ನಿಂತ ಚೆಂಡನ್ನು ಹೊಡೆಯುವುದು. ಹೆಸರು ನೋಂದಾಯಿಸಲು ಬೇಸಿಗೆಯವರೆಗೆ ಕಾಯಬೇಡಿ, ಚಳಿಗಾಲದಲ್ಲೇ ವಿಚಾರಿಸಿ. ತಂದೆತಾಯಿಯರು ಸ್ವಯಂಸೇವೆ ಮಾಡಬೇಕೆಂದು ಕೇಳುತ್ತಾರೆ. ತರಬೇತಿ ಕೊಡಲು ಬಾರದಿದ್ದರೆ ಸ್ಕೋರು ಬರೆಯಲು ಒಪ್ಪಿಕೊಳ್ಳಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್, ಕ್ರಿಕೆಟ್ ಮೂರೂ ಇವೆ.

ಎರಡೂ ಆಟಗಳು ರಾಷ್ಟ್ರಗೀತೆಯಿಂದ ಶುರುವಾಗುತ್ತವೆ. ಎದ್ದು ನಿಂತು ಟೋಪಿ ತೆಗೆಯಿರಿ. 2016ರಲ್ಲಿ ಫಾರ್ಟಿನೈನರ್ಸ್ ತಂಡದ ಕಾಲಿನ್ ಕೆಪರ್ನಿಕ್ ಕರಿಯರ ಮೇಲಿನ ದೌರ್ಜನ್ಯವನ್ನು ಪ್ರತಿಭಟಿಸಿ ಆ ಹೊತ್ತಿನಲ್ಲಿ ಮಂಡಿಯೂರಿದರು. ಏಪ್ರಿಲ್ 15ರಂದು ಬೇಸ್‌ಬಾಲಿನ ಎಲ್ಲ ಆಟಗಾರರೂ 42ನೆಯ ಸಂಖ್ಯೆಯ ಅಂಗಿ ತೊಡುತ್ತಾರೆ. 1947ರ ಆ ದಿನ ಜಾಕಿ ರಾಬಿನ್‌ಸನ್ ಮೇಜರ್ ಲೀಗ್‌ನ ವರ್ಣಭೇದದ ಗೋಡೆ ಒಡೆದರು. ಈ ದೇಶ ತನ್ನೊಳಗೇ ನಡೆಸುತ್ತಿರುವ ಜಗಳ ನಮ್ಮ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಇಲ್ಲಿ ಎದುರಾಗುತ್ತದೆ. ಅವರು ಕೇಳಿದಾಗ ಅದು ಅವರವರ ವಿಷಯ ಎಂದು ತಳ್ಳಿಹಾಕಬೇಡಿ. ನಮ್ಮ ಮಕ್ಕಳು ಆ ‘ಅವರು’ಗಳಲ್ಲೇ ಸೇರಿದ್ದಾರೆ.

ಯಾವ ತಂಡವನ್ನು ಹಿಡಿಯಬೇಕು ಎಂದು ಕೇಳುತ್ತಾರೆ. ವಾಸವಿರುವ ಊರಿನದ್ದನ್ನು ಹಿಡಿಯಿರಿ. ಗೆಲ್ಲುವ ತಂಡವನ್ನು ದೂರದಿಂದ ಆರಿಸಿಕೊಂಡರೆ ಪಕ್ಕದ ಮನೆಯವರ ಜೊತೆ ಸೋಲನ್ನು ಹಂಚಿಕೊಳ್ಳುವ ಅವಕಾಶ ತಪ್ಪುತ್ತದೆ. 1989ರ ಅಕ್ಟೋಬರ್ 17ರಂದು ವಿಶ್ವ ಸರಣಿಯಲ್ಲಿ ಕೊಲ್ಲಿಯ ಎರಡೂ ದಡದ ತಂಡಗಳು, ಜೈಂಟ್ಸ್ ಮತ್ತು ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಎದುರುಬದುರಾಗಿದ್ದಾಗ ಭೂಕಂಪವಾಯಿತು. ಜನ ಆಟ ನೋಡಲು ಬೇಗ ಮನೆ ಸೇರಿದ್ದರಿಂದ ರಸ್ತೆಗಳಲ್ಲಿ ವಾಹನ ಕಡಿಮೆಯಿತ್ತು, ಎಷ್ಟೋ ಜೀವ ಉಳಿಯಿತು ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಇಂಥ ನೆನಪುಗಳಲ್ಲಿ ನಮಗೆ ಪಾಲಿಲ್ಲ, ಮುಂದಿನವುಗಳಲ್ಲಿ ಇರಬೇಕು.

ಆ ಓಕ್‌ಲ್ಯಾಂಡ್ ತಂಡ ಈಗ ಓಕ್‌ಲ್ಯಾಂಡಿನಲ್ಲಿಲ್ಲ. 1968ರಿಂದ ಅಲ್ಲಿದ್ದ ತಂಡವನ್ನು ಮಾಲೀಕರು ಲಾಸ್ ವೇಗಸ್‌ಗೆ ಒಯ್ಯಲು ಹೊರಟರು. 2023ರ ಜೂನ್ 13ರಂದು 27,759 ಮಂದಿ ಮೈದಾನಕ್ಕೆ ಬಂದು ತಂಡವನ್ನು ಮಾರಿ ಹೋಗಿ ಎಂದು ಕೂಗಿದರು. ಪ್ರಯೋಜನವಾಗಲಿಲ್ಲ. 2024ರ ಸೆಪ್ಟೆಂಬರ್ 26ರಂದು ಓಕ್‌ಲ್ಯಾಂಡಿನ ಆ ಮೈದಾನದಲ್ಲಿ, ಕೊಲಿಸಿಯಂನಲ್ಲಿ, ಕೊನೆಯ ಪಂದ್ಯ. ಟೆಕ್ಸಸ್ ತಂಡವನ್ನು 3-2ರಿಂದ ಗೆದ್ದರು, 46,889 ಜನ ನೋಡಿದರು. ಓಕ್‌ಲ್ಯಾಂಡಿನ ಫುಟ್‌ಬಾಲ್ ತಂಡ ರೈಡರ್ಸ್ ಅದಕ್ಕೂ ಮೊದಲೇ, 2020ರಲ್ಲಿ, ವೇಗಸ್ ಸೇರಿತ್ತು. ಮೂರು ತಲೆಮಾರಿನಿಂದ ಒಂದೇ ಸಾಲಿನಲ್ಲಿ ಕೂರುತ್ತಿದ್ದ ಕುಟುಂಬಗಳು ಈಗ ಬೇಸಿಗೆಯ ಸಂಜೆ ಏನು ಮಾಡುವುದೆಂದು ತಿಳಿಯದೆ ಇವೆ. ಊರನ್ನು ಬಿಟ್ಟು ಬಂದವರು ನಾವು. ಇದ್ದಲ್ಲೇ ಇದ್ದು ಊರನ್ನು ಕಳೆದುಕೊಂಡವರು ಅವರು. ಓಕ್‌ಲ್ಯಾಂಡಿನ ಟೋಪಿ ಧರಿಸಿದ ಸಹೋದ್ಯೋಗಿ ಸಿಕ್ಕರೆ ಆ ಮೈದಾನದ ಬಗ್ಗೆ ಕೇಳಿ, ಹೇಳಲು ಅವರ ಬಳಿ ಬಹಳ ಇದೆ, ಕೇಳುವವರಿಲ್ಲ.

2025ರ ಜೂನ್ 12ರಂದು ಅದೇ ಕೊಲಿಸಿಯಂನಲ್ಲಿ ಮೇಜರ್ ಲೀಗ್ ಕ್ರಿಕೆಟ್ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಯುನಿಕಾರ್ನ್ಸ್ ಪರ ಫಿನ್ ಆಲೆನ್ 51 ಎಸೆತಗಳಲ್ಲಿ 151 ರನ್ ಹೊಡೆದರು, ಹತ್ತೊಂಬತ್ತು ಸಿಕ್ಸರ್. ಬೇಸ್‌ಬಾಲ್ ಖಾಲಿ ಮಾಡಿದ ಮೈದಾನಕ್ಕೆ ನಮ್ಮ ಆಟ ಬಂತೆಂದು ಹಿಗ್ಗುವುದು ತಪ್ಪಲ್ಲ, ನನಗೂ ಹಿಗ್ಗಾಯಿತು. ಆದರೆ ಅಲ್ಲಿ ಕ್ರಿಕೆಟ್ ನೋಡಲು ಹೋದಾಗ ಓಕ್‌ಲ್ಯಾಂಡಿನ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ನಮಗೆ ಅವರು ಬೇಸ್‌ಬಾಲ್ ಹೇಳಿಕೊಟ್ಟಂತೆ ನಾವು ಅವರಿಗೆ ಎಲ್‌ಬಿಡಬ್ಲ್ಯೂ ಹೇಳಿಕೊಡಬಹುದು.

ಉಳಿದದ್ದು ಚುಟುಕಾಗಿ: ಟಿಕೆಟ್ ಫೋನಿನ ಆ್ಯಪ್‌ನಲ್ಲೇ ಬರುತ್ತದೆ; ಫುಟ್‌ಬಾಲ್ ಮೈದಾನಕ್ಕೆ ಪಾರದರ್ಶಕ ಚೀಲ ಮಾತ್ರ; ಬೇಸ್‌ಬಾಲಿನ ರಾಷ್ಟ್ರೀಯ ಪ್ರಸಾರದ ಚಂದಾ ಕಟ್ಟಿದರೂ ಸ್ಥಳೀಯ ತಂಡದ ನೇರ ಪ್ರಸಾರಕ್ಕೆ ತಡೆ ಇರಬಹುದು, ಮೊದಲೇ ವಿಚಾರಿಸಿ.

ನವೆಂಬರಿನ ಕೊನೆಯಲ್ಲಿ ಬಂದಿಳಿದವರಿಗೆ ಬೇಸ್‌ಬಾಲ್ ಮುಗಿದಿರುತ್ತದೆ. ಆ ಚಳಿಗಾಲ ನೆರೆಯವರ ಮನೆಯಲ್ಲಿ ಫುಟ್‌ಬಾಲ್ ನೋಡಿ, ಸೂಪರ್ ಬೌಲ್ ದಿನ ಚಿತ್ರಾನ್ನ ಮಾಡಿಕೊಂಡು ಹೋಗಿ. ಫೆಬ್ರವರಿಯ ನಡುವಿಗೆ ಬೇಸ್‌ಬಾಲ್ ತಂಡಗಳು ಅಭ್ಯಾಸಕ್ಕೆ ಅರಿಝೋನಾಕ್ಕೋ ಫ್ಲಾರಿಡಾಕ್ಕೋ ಹೋಗುತ್ತವೆ, ಪಂದ್ಯಗಳ ಪಟ್ಟಿ ಅಷ್ಟರಲ್ಲಿ ಕೈಯಲ್ಲಿರುತ್ತದೆ. ಅಪ್ಪ ಅಮ್ಮನ ವಿಮಾನದ ಟಿಕೆಟ್ ಮಾಡಿಸುವ ಮೊದಲು ಆ ಪಟ್ಟಿಯನ್ನು ಒಮ್ಮೆ ನೋಡಿ. ಏಪ್ರಿಲ್ ಮೊದಲ ವಾರಕ್ಕೆ ಅವರು ಬಂದರೆ, ಹಗಲು ರಾತ್ರಿಯ ವ್ಯತ್ಯಾಸಕ್ಕೆ ಮೈ ಒಗ್ಗಿದ ಮೇಲೆ, ಬುಧವಾರದ ಮಧ್ಯಾಹ್ನದ ಪಂದ್ಯವೊಂದನ್ನು ಆರಿಸಿ. ಆ ದಿನ ಬಿಸಿಲಿರುತ್ತದೆ, ಜನಸಂದಣಿ ಕಡಿಮೆ, ಮತ್ತು ಮೊಮ್ಮಗುವಿಗೆ ಶಾಲೆಯಿಂದ ಒಂದು ದಿನ ರಜೆ ಕೇಳಿದರೆ ಏನೂ ಮುಳುಗುವುದಿಲ್ಲ.